ಹಗ್ಗ ಹಳೆಯದು, ಜಗ್ಗುವವರು ಹೊಸಬರು

"ಅಲ್ಲವ್ವಾ, ಕ್ಲಚ್ಚೇ ಇಲ್ಲ ಅಂದ್ಮೇಲೆ ಗೇರ್ ಹಾಕೋರು ಯಾರು?"

ಅಪ್ಪ ಈ ಪ್ರಶ್ನೆ ಕೇಳಿದಾಗ ನಾನು ದಾವಣಗೆರೆಯ ನಮ್ಮ ಗ್ಯಾರೇಜಿನಲ್ಲಿ, ಬಿಚ್ಚಿಟ್ಟ ಬ್ರೇಕ್ ಡ್ರಮ್ಮಿನ ಪಕ್ಕ ಸ್ಟೂಲು ಹಾಕಿಕೊಂಡು ಲ್ಯಾಪ್‌ಟಾಪ್ ತೆರೆದು ಕೂತಿದ್ದೆ. ಪರದೆಯ ಮೇಲಿದ್ದದ್ದು ಅಮೆರಿಕದ ಒಂದು ಹಳೇ ಸರ್ವಿಸ್ ಮ್ಯಾನುಯಲ್ಲಿನ ಪುಟ. ಡಾಡ್ಜ್ ಎಂಬ ಹೆಸರಿನ ಪಿಕಪ್ ಟ್ರಕ್ಕಿನ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಒಳಗೆ ಎಣ್ಣೆ ಹರಿಯುವ ದಾರಿಗಳ ನಕ್ಷೆ. ಲಾರಿ ರಿಪೇರಿಯಲ್ಲೇ ನಲವತ್ತು ವರ್ಷ ಕಳೆದಿರುವ ಅಪ್ಪ ಇಂಥ ಗೇರ್‌ಬಾಕ್ಸನ್ನು ಯಾವತ್ತೂ ಬಿಚ್ಚಿದವರಲ್ಲ. ನಾನೂ ಬಿಚ್ಚಿದವಳಲ್ಲ. ಆದರೆ ಅದರ ಬಗ್ಗೆ ನನ್ನ ಪಿಎಚ್.ಡಿ. ಪ್ರಬಂಧದಲ್ಲಿ ಆಗಲೇ ಒಂದು ಪ್ಯಾರಾ ಬರೆದು ಮುಗಿಸಿದ್ದೆ.

ನನ್ನ ಸಂಶೋಧನೆಯ ವಿಷಯ ಒಂದು ಡೀಸೆಲ್ ಎಂಜಿನ್ನಿನ ಪಯಣ. ಅಮೆರಿಕದ ಇಂಡಿಯಾನಾ ರಾಜ್ಯದ ಕೊಲಂಬಸ್ ಪಟ್ಟಣದ ಕಮಿನ್ಸ್ ಕಂಪನಿ 1980ರ ದಶಕದ ಮೊದಲ ಭಾಗದಲ್ಲಿ, ಕೇಸ್ ಎಂಬ ಟ್ರ್ಯಾಕ್ಟರ್ ಕಂಪನಿಯ ಜೊತೆ ಸೇರಿ 'ಬಿ' ಸರಣಿಯ ಎಂಜಿನ್ನುಗಳನ್ನು ತಯಾರಿಸತೊಡಗಿತು. ಅವುಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ಆರು ಸಿಲಿಂಡರಿನ, 5.9 ಲೀಟರಿನ ಟರ್ಬೊ ಎಂಜಿನ್ನು. 1993ರಲ್ಲಿ ಟಾಟಾ ಮತ್ತು ಕಮಿನ್ಸ್ ಸೇರಿ ಜಮ್‌ಶೆಡ್‌ಪುರದಲ್ಲಿ ಕಂಪನಿ ಕಟ್ಟಿದ ಮೇಲೆ ಅದು ನಮ್ಮ ಲಾರಿಗಳಿಗೂ ಬಂತು. ನಮ್ಮ ಗ್ಯಾರೇಜಿನಲ್ಲಿ ಅವನ್ನು 'ಕಮಿನ್ಸ್ ಗಾಡಿ' ಅಂತಲೇ ಕರೆಯುತ್ತಿದ್ದರು. ಅದಕ್ಕೂ ಹಿಂದಿನವು 'ಬೆಂಜ್ ಗಾಡಿ'. ಟಾಟಾದವರು 1954ರಿಂದ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಮಾಡಿಕೊಂಡಿದ್ದ ಒಪ್ಪಂದ 1969ಕ್ಕೇ ಮುಗಿದಿದ್ದರೂ ಆ ಹೆಸರು ಮಾತ್ರ ಗ್ಯಾರೇಜುಗಳಲ್ಲಿ ಉಳಿದುಬಿಟ್ಟಿತ್ತು.

ಇದೇ ಎಂಜಿನ್ನು ತನ್ನ ತವರಿನಲ್ಲಿ ಹೇಗೆ ಬಾಳಿತು ಎನ್ನುವುದನ್ನೂ ಪ್ರಬಂಧದಲ್ಲಿ ಹೇಳಬೇಕಿತ್ತು. ಅಲ್ಲಿ ಅದರ ಜೊತೆಗಿದ್ದ ಆಟೋಮ್ಯಾಟಿಕ್ ಗೇರ್‌ಬಾಕ್ಸು ಎಂಜಿನ್ನಿಗಿಂತ ಎರಡು ದಶಕ ಹಿರಿಯದು. ಅದನ್ನು ನಾನು "ತಾತ್ಕಾಲಿಕ ಹೊಂದಾಣಿಕೆ" ಎಂದು ಬರೆದು ಮುಂದೆ ಹೋಗಿದ್ದೆ. ಅಪ್ಪನ ಪ್ರಶ್ನೆಗೆ ಉತ್ತರ ಕೊಡಲು ಹೋದಾಗ ಆ ಎರಡು ಪದ ಎಷ್ಟು ಸೋಮಾರಿಯಾದವು ಎಂದು ಗೊತ್ತಾಯಿತು.

ಆ ಡಾಡ್ಜ್ ಟ್ರಕ್ಕು 1989ರ ಮಾದರಿ. ಅದರ ಮೈಕಟ್ಟು ಮೂಲತಃ 1972ರದು. ಒಳಗಿನ ಎಂಜಿನ್ನು ಹೊಸ ಕಮಿನ್ಸ್. ಕ್ಲಚ್ಚು ಬೇಡ ಎನ್ನುವವರಿಗೆ ಕೊಡುತ್ತಿದ್ದ ಗೇರ್‌ಬಾಕ್ಸು ಕ್ರೈಸ್ಲರ್ ಕಂಪನಿಯ ಟಾರ್ಕ್‌ಫ್ಲೈಟ್ ಎ-727, ಅದು 1962ರದು. ಒಂದೇ ಚಾಸಿಯ ಮೇಲೆ ಮೂರು ಕಾಲ ಕೂತಿದ್ದವು. ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಅಷ್ಟು ಹೊತ್ತಿಗಾಗಲೇ ತಮ್ಮ ಪಿಕಪ್ಪುಗಳಲ್ಲಿ ಡೀಸೆಲ್ ಎಂಜಿನ್ನು ಕೊಡುತ್ತಿದ್ದವು. ಕ್ರೈಸ್ಲರ್ ಹತ್ತು ವರ್ಷದ ಹಿಂದಷ್ಟೇ ದಿವಾಳಿಯ ಅಂಚಿಗೆ ಹೋಗಿ, ಅಮೆರಿಕ ಸರ್ಕಾರದ ಸಾಲದ ಖಾತರಿಯಿಂದ ಬದುಕಿಕೊಂಡಿದ್ದ ಕಂಪನಿ. ಎಂಜಿನ್ನನ್ನು ಕಮಿನ್ಸ್‌ನಿಂದ ತಂದಿತು, ಗೇರ್‌ಬಾಕ್ಸನ್ನು ತನ್ನ ಅಟ್ಟದಿಂದಲೇ ಇಳಿಸಿತು.

ಅಟ್ಟದಲ್ಲಿದ್ದದ್ದು ಕಳಪೆ ಸಾಮಾನೇನೂ ಅಲ್ಲ. ಟಾರ್ಕ್‌ಫ್ಲೈಟ್ ಮೊದಲು ಬಂದದ್ದು 1956ರಲ್ಲಿ, ಬೀಡುಕಬ್ಬಿಣದ ಕವಚದಲ್ಲಿ. ಹಿಂದೆ ಫೋರ್ಡ್‌ನಲ್ಲಿ ಕೆಲಸ ಮಾಡಿದ್ದ ಹೊವಾರ್ಡ್ ಸಿಂಪ್ಸನ್ ಎಂಬ ಎಂಜಿನಿಯರ್ ರೂಪಿಸಿದ ಗೇರುಗಳ ಜೋಡಣೆ ಅದರ ಜೀವಾಳ. ಒಂದೇ ಸೂರ್ಯ ಗೇರು, ಅದರ ಸುತ್ತ ಎರಡು ಜೊತೆ ಗ್ರಹ ಗೇರುಗಳು. ಇಷ್ಟರಲ್ಲೇ ಮುಂದಕ್ಕೆ ಮೂರು ಗೇರು, ಹಿಂದಕ್ಕೆ ಒಂದು. ಮೊದಲ ಗೇರಿನ ಅನುಪಾತ 2.45, ಎರಡನೆಯದು 1.45, ಮೂರನೆಯದು ನೇರ. 1962ರಲ್ಲಿ ಕವಚ ಅಲ್ಯೂಮಿನಿಯಮ್ಮಿಗೆ ಬದಲಾಗಿ ಎ-727 ಆಯಿತು. ಭಾರೀ ಶಕ್ತಿಯ ಕಾರುಗಳು, ಟ್ರಕ್ಕುಗಳು, ಮನೆಯನ್ನೇ ಹೊತ್ತು ಓಡಾಡುವ ಗಾಡಿಗಳು ಎಲ್ಲವನ್ನೂ ಅದು ಎಳೆದಿತ್ತು. ಆದರೆ ಎಳೆದದ್ದೆಲ್ಲ ಮುಖ್ಯವಾಗಿ ಪೆಟ್ರೋಲ್ ಎಂಜಿನ್ನಿನ ಜೊತೆ ನಿಂತು.

ಗೇರ್ ಹಾಕುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಆ ಎಣ್ಣೆಯ ನಕ್ಷೆಯಲ್ಲಿತ್ತು. ಗೇರ್‌ಬಾಕ್ಸಿನ ಹಿಂದಿನ ಶಾಫ್ಟಿನ ಮೇಲೆ ಗವರ್ನರ್ ಎಂಬ ಪುಟ್ಟ ಸಾಧನ. ಗಾಡಿ ಓಡಿದ ಹಾಗೆ ಅದರ ತೂಕಗಳು ಹೊರಕ್ಕೆ ಜಿಗಿಯಲು ನೋಡುತ್ತವೆ, ಆಗ ಒಂದು ಕಾಲುವೆಯಲ್ಲಿ ಎಣ್ಣೆಯ ಒತ್ತಡ ಏರುತ್ತದೆ. ಅದು ಗಾಡಿ ಎಷ್ಟು ವೇಗವಾಗಿ ಓಡುತ್ತಿದೆ ಎಂದು ಹೇಳುತ್ತದೆ. ಇನ್ನೊಂದು ಕಾಲುವೆಯ ಒತ್ತಡ ಎಕ್ಸಲರೇಟರಿನಿಂದ ಬರುವ ಕಬ್ಬಿಣದ ಸರಳಿಗೆ ಕಟ್ಟಿದ್ದು. ಡ್ರೈವರು ಎಷ್ಟು ಕೇಳುತ್ತಿದ್ದಾನೆ ಎಂದು ಅದು ಹೇಳುತ್ತದೆ. ಎರಡರ ನಡುವೆ ಒಂದು ವಾಲ್ವು, ಜೊತೆಗೊಂದು ಸ್ಪ್ರಿಂಗು. ವೇಗದ ಒತ್ತಡ ಗೆದ್ದರೆ ವಾಲ್ವು ಆ ಕಡೆ ಸರಿದು ಮೇಲಿನ ಗೇರು ಬೀಳುತ್ತದೆ. ಡ್ರೈವರು ಪೆಡಲನ್ನು ಜೋರಾಗಿ ತುಳಿದಿದ್ದರೆ ಎದುರಿನ ಒತ್ತಡ ಹೆಚ್ಚಾಗಿ, ಕೆಳಗಿನ ಗೇರಿನಲ್ಲೇ ಇನ್ನಷ್ಟು ದೂರ ಎಳೆಯುತ್ತದೆ.

ಅಪ್ಪ ಗ್ರೀಸಾದ ಬೆರಳನ್ನು ಪರದೆಗೆ ತಾಗಿಸದೆ, ಗಾಳಿಯಲ್ಲೇ ಆ ಎರಡು ಕಾಲುವೆಗಳನ್ನು ಹಿಂಬಾಲಿಸಿದರು. "ಇದು ಹಗ್ಗ ಜಗ್ಗಾಟ ಬಿಡು" ಅಂದರು. ಆಮೇಲೆ ಒಂದು ಕ್ಷಣ ಸುಮ್ಮನಿದ್ದು, "ಹಂಗಾದ್ರೆ ಪೆಟ್ರೋಲ್ ಗಾಡೀದು ಡೀಸಲ್ಲಿಗೆ ಹೆಂಗೆ ಕೂರುತ್ತೆ? ಇದು ಕೂಗೋದು ಬ್ಯಾರೆ, ಅದು ಕೂಗೋದು ಬ್ಯಾರೆ" ಅಂದರು.

ನನ್ನ ಒಂದು ಪ್ಯಾರಾ ಕುಸಿದದ್ದು ಅಲ್ಲಿ. ಆ ಕಾಲದ ಪೆಟ್ರೋಲ್ ವಿ-8 ಎಂಜಿನ್ನು ಪೂರ್ತಿ ತುಳಿದರೆ ನಿಮಿಷಕ್ಕೆ 4000 ಸುತ್ತು ದಾಟಿ ಓಡುತ್ತದೆ. ಗೇರು ಬದಲಾಗುವ ಜಾಗವನ್ನೂ ಅಲ್ಲೇ ಇಟ್ಟಿರುತ್ತಾರೆ. ಡಾಡ್ಜ್‌ಗೆ ಬಂದ ಕಮಿನ್ಸ್ 160 ಅಶ್ವಶಕ್ತಿಯದು. 400 ಪೌಂಡ್-ಅಡಿ, ಅಂದರೆ ಸುಮಾರು 540 ನ್ಯೂಟನ್ ಮೀಟರ್ ತಿರುಚುಬಲ. ಆ ಬಲವೆಲ್ಲ ಇರುವುದು 2000 ಸುತ್ತಿಗಿಂತ ಕೆಳಗೆ. ಸುಮಾರು 2500ಕ್ಕೆ ಅದರ ಓಟವೇ ಮುಗಿಯುತ್ತದೆ. ಹಳೇ ಗವರ್ನರನ್ನು ಹಾಗೇ ಇಟ್ಟು ಈ ಎಂಜಿನ್ನಿಗೆ ಜೋಡಿಸಿದ್ದರೆ, ಪೂರ್ತಿ ತುಳಿದ ಡ್ರೈವರಿಗೆ ಎರಡನೇ ಗೇರು ಬೀಳುತ್ತಲೇ ಇರಲಿಲ್ಲ. ಗೇರ್‌ಬಾಕ್ಸು 4000ದ ದಾರಿ ಕಾಯುತ್ತಾ, ಎಂಜಿನ್ನು 2500ರಲ್ಲಿ ಅರಚುತ್ತಾ, ಗಾಡಿ ಒಂದನೇ ಗೇರಿನಲ್ಲೇ ತೆವಳುತ್ತಿತ್ತು. ಹಾಗಾಗಿ ಗವರ್ನರು ಬೇಗ ಮಾತಾಡುವಂತೆ, ಕಡಿಮೆ ವೇಗದಲ್ಲೇ ಒತ್ತಡ ಏರುವಂತೆ ಅದನ್ನು ಬದಲಿಸಬೇಕಾಯಿತು.

ಕ್ಲಚ್ಚಿನ ಜಾಗದಲ್ಲಿರುವ ಟಾರ್ಕ್ ಕನ್ವರ್ಟರಿನ ಕತೆಯೂ ಇದೇ. ಎದುರಾಬದುರಾ ಎರಡು ಫ್ಯಾನು ಇಟ್ಟು ಒಂದಕ್ಕೆ ಮಾತ್ರ ಕರೆಂಟು ಕೊಟ್ಟರೆ ಗಾಳಿಯ ಹೊಡೆತಕ್ಕೆ ಇನ್ನೊಂದೂ ತಿರುಗುತ್ತದಲ್ಲ, ಹಾಗೆ. ಗಾಳಿಯ ಬದಲು ಇಲ್ಲಿ ಎಣ್ಣೆ. ನಡುವೆ ಎಣ್ಣೆಯ ದಿಕ್ಕು ತಿರುಗಿಸುವ ಮೂರನೆಯ ಚಕ್ರವೊಂದಿದ್ದು, ಹೊರಡುವಾಗ ಬಲವನ್ನು ಹೆಚ್ಚಿಸಿ ಕೊಡುತ್ತದೆ. ಪೆಟ್ರೋಲ್ ಎಂಜಿನ್ನಿಗೆ ಹೊರಡುವಾಗ ಸ್ವಲ್ಪ ಸಡಿಲ ಬೇಕು, ಸುತ್ತು ಏರಿದ ಮೇಲೆಯೇ ಅದಕ್ಕೆ ಬಲ. ಡೀಸೆಲ್ಲಿಗೆ ಅಷ್ಟು ಸಡಿಲ ಕೊಟ್ಟರೆ ಎಣ್ಣೆ ಕಡೆಯುವುದರಲ್ಲೇ ಅದರ ಉಸಿರು ಮುಗಿಯುತ್ತದೆ. ಕಡಿಮೆ ಸುತ್ತಿನಲ್ಲೇ ಬಿಗಿಯಾಗಿ ಹಿಡಿಯುವ ಕನ್ವರ್ಟರು ಬೇಕಾಯಿತು.

ಬೋಲ್ಟಿನ ತೂತುಗಳೂ ಹೊಂದುವುದಿಲ್ಲ. ಎ-727ರಲ್ಲಿ ಎಂಜಿನ್ನಿಗೆ ಕೂರುವ ಬೆಲ್ ಹೌಸಿಂಗು ಗೇರ್‌ಬಾಕ್ಸಿನ ಕವಚದ ಜೊತೆಗೇ ಒಂದೇ ಎರಕ, ಬಿಚ್ಚಿ ಬೇರೆ ಹಾಕಲು ಬರುವುದಿಲ್ಲ. ಡೀಸೆಲ್ಲಿಗೆಂದೇ ಬೇರೆ ಕವಚ ಎರಕ ಹೊಯ್ದರು, ಎಂಜಿನ್ನಿನ ಬೆನ್ನಿಗೆ ಒಂದು ಅಡಾಪ್ಟರ್ ಪ್ಲೇಟು ಕೂರಿಸಿದರು. ಪೆಡಲಿನ ಸರಳನ್ನು ಎಲ್ಲಿಗೆ ಕಟ್ಟುವುದು ಎನ್ನುವುದು ಮತ್ತೊಂದು ತಲೆನೋವು. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿಯ ಬಾಗಿಲು ತೆರೆಯುವ ಕಾರ್ಬ್ಯುರೇಟರಿಗೆ ಅದು ಕಟ್ಟಿರುತ್ತಿತ್ತು. ಈ ಡೀಸೆಲ್ಲಿನಲ್ಲಿ ಆ ಬಾಗಿಲೇ ಇಲ್ಲ. ಪೆಡಲು ಎಳೆಯುವುದು ಡೀಸೆಲ್ ಪಂಪಿನ ಲಿವರನ್ನು. ಸರಳು ಆ ಲಿವರಿಗೆ ಹೋಯಿತು. ಇನ್ನು ಮೂರನೇ ಗೇರಿನ ಮೇಲೆ ಓವರ್‌ಡ್ರೈವ್ ಇಲ್ಲದ್ದರಿಂದ ಹೆದ್ದಾರಿಯಲ್ಲಿ ಎಂಜಿನ್ನು ತನ್ನ ಮಿತಿಗೆ ಹೋಗಿ ಕೂರಬಾರದೆಂದು ಹಿಂದಿನ ಕ್ರೌನ್-ಪಿನಿಯನ್ ಅನುಪಾತವನ್ನೇ 3.07ಕ್ಕೆ ಇಳಿಸಿದರು. ಆಗ ಗಂಟೆಗೆ 100 ಕಿಲೋಮೀಟರಿನಲ್ಲಿ ಎಂಜಿನ್ನು ಸುಮಾರು 2000 ಸುತ್ತಿನಲ್ಲಿರುತ್ತದೆ. ಗೇರ್‌ಬಾಕ್ಸಿನ ಕೊರತೆಯ ಸಾಲವನ್ನು ಹಿಂದಿನ ಆಕ್ಸಲ್ಲು ತೀರಿಸಿತು.

ಇದನ್ನೆಲ್ಲ ಕೇಳಿಸಿಕೊಂಡ ಅಪ್ಪ ತಮ್ಮದೊಂದು ಕತೆ ಹೇಳಿದರು. ನಾನು ಪ್ರೈಮರಿ ಶಾಲೆಗೆ ಹೋಗುತ್ತಿದ್ದಾಗ, ಎಂಜಿನ್ನು ಪೂರ್ತಿ ಕೆಟ್ಟ ಒಂದು ಹಳೇ ಲಾರಿಗೆ, ಅಪಘಾತವಾದ ಇನ್ನೊಂದು ಲಾರಿಯಿಂದ ಕಮಿನ್ಸ್ ಎಂಜಿನ್ನು ತಂದು ಕೂರಿಸಿದ್ದರಂತೆ. ಗೇರ್‌ಬಾಕ್ಸು ಹಳೆಯದೇ ಇರಲಿ ಎಂದು ಮಾಲೀಕರ ಹಠ. ಅಪ್ಪ ಲೇತಿನಲ್ಲಿ ಒಂದು ಬಳೆ ತಿರುವಿಸಿ, ಎರಡು ಸಲ ಬಿಚ್ಚಿ ಹಾಕಿ, ಮೂರನೇ ಸಲಕ್ಕೆ ನಡುಕ ನಿಲ್ಲಿಸಿದರು. ಆದರೂ ಡ್ರೈವರು ವಾರಕ್ಕೇ ವಾಪಸು ಬಂದು ಗಾಡಿಗೆ ಪಿಕಪ್ ಇಲ್ಲ ಅಂದನಂತೆ. ಅಪ್ಪ ಪಕ್ಕದಲ್ಲಿ ಕೂತು ಹರಿಹರದವರೆಗೆ ಹೋಗಿಬಂದರು. ತಪ್ಪು ಕಂಡಿತು. ಅವನು ಹಳೇ ಎಂಜಿನ್ನಿನ ರೂಢಿಯಲ್ಲೇ, ಅದು ಕೂಗಿಕೊಳ್ಳುವ ತನಕ ಕಾದು ಗೇರು ಬದಲಿಸುತ್ತಿದ್ದ. ಹೊಸ ಎಂಜಿನ್ನಿನ ಬಲ ಅಷ್ಟರಲ್ಲಿ ದಾಟಿಹೋಗಿರುತ್ತಿತ್ತು. "ಬೇಗ ಹಾಕಪ್ಪ, ಕೂಗೋಕೆ ಬಿಡಬ್ಯಾಡ ಅಂದೆ. ಎಲ್ಡು ದಿನಕ್ಕೆ ಸರಿಯಾಯ್ತು. ಗೇರ್‌ಬಾಕ್ಸಿಗಿಂತ ಮದ್ಲು ಡ್ರೈವರನ್ನ ಹೊಂದಿಸ್ಬೇಕಾಗಿತ್ತು" ಅಂದರು.

ಅವರ ಪ್ರಶ್ನೆಗೆ ಅವರೇ ಉತ್ತರ ಕೊಟ್ಟಂತಾಯಿತು. ನಮ್ಮಲ್ಲಿ ಹಳೆಯದನ್ನೂ ಹೊಸದನ್ನೂ ಹೊಂದಿಸಿದ್ದು ಡ್ರೈವರಿನ ಕಿವಿ ಮತ್ತು ಎಡಗಾಲು. ಅಲ್ಲಿ ಅದೇ ಬುದ್ಧಿಮಾತನ್ನು, ಬೇಗ ಹಾಕು, ಕೂಗಲು ಬಿಡಬೇಡ ಎನ್ನುವುದನ್ನು, ಗವರ್ನರಿನ ತೂಕಕ್ಕೂ ಸ್ಪ್ರಿಂಗಿಗೂ ಕಲಿಸಬೇಕಾಯಿತು. ತೂಕಕ್ಕೆ ಎರಡು ದಿನದಲ್ಲಿ ಕಲಿಸಲಾಗುವುದಿಲ್ಲ. ಅದನ್ನು ಯಾರೋ ಕೊರೆದು, ತೂಗಿ, ಗುಡ್ಡ ಹತ್ತಿಸಿ ನೋಡಿ, ಮತ್ತೆ ಕೊರೆದಿರಬೇಕು.

ಹೊಂದಾಣಿಕೆಗೆ ಬೆಲೆಯೂ ಇತ್ತು. ಆ ಕನ್ವರ್ಟರನ್ನು ಎಂಜಿನ್ನಿಗೆ ನೇರವಾಗಿ ಬೆಸೆಯುವ ಲಾಕ್-ಅಪ್ ಕ್ಲಚ್ಚು ಡೀಸೆಲ್ಲಿನ ಎ-727ರಲ್ಲಿ ಇರಲಿಲ್ಲ. ಎಣ್ಣೆ ಸದಾ ಸ್ವಲ್ಪ ಜಾರುತ್ತಲೇ ಇರುತ್ತದೆ, ಜಾರಿದ್ದೆಲ್ಲ ಬಿಸಿಯಾಗುತ್ತದೆ. ಹಿಂದೆ ಟ್ರೇಲರು ಕಟ್ಟಿಕೊಂಡು ಬೆಟ್ಟ ಹತ್ತುವವರಿಗೆ ಅದು ದೊಡ್ಡ ಚಿಂತೆ. ಪೆಡಲಿನ ಸರಳು ಒಳಗಿನ ಒತ್ತಡವನ್ನೂ ನಿರ್ಧರಿಸುವುದರಿಂದ, ಅದರ ಅಳತೆ ತುಸು ಸಡಿಲವಾದರೂ ಗೇರಿನ ಕ್ಲಚ್ಚುಗಳಿಗೆ ಸಿಗಬೇಕಾದ ಬಿಗಿ ಸಿಗುವುದಿಲ್ಲ. ಅವು ಜಾರಿ ಸುಟ್ಟುಹೋಗುತ್ತವೆ. ಕಂಪನಿಯ ಕಡತದಲ್ಲಿ ಅದು ಒಂದು ಅಳತೆ; ಟ್ರಕ್ಕಿನವನಿಗೆ ಅದು ರಸ್ತೆಬದಿಯ ರಾತ್ರಿ.

ಈಗ ನನ್ನ 'ತಾತ್ಕಾಲಿಕ' ಎಂಬ ಪದದ ವಿಷಯ. 1991ರ ನಡುವಿನಲ್ಲಿ ಎ-727ರ ಜಾಗಕ್ಕೆ ಎ-518 ಬಂತು. ಬಿಚ್ಚಿ ನೋಡಿದರೆ ಅದೂ 727ರ ವಂಶವೇ, ಬಾಲಕ್ಕೆ ಒಂದು ಓವರ್‌ಡ್ರೈವ್ ಸೇರಿಸಿದ್ದು ಅಷ್ಟೇ. 1994ರ ಹೊಸ ಮೈಕಟ್ಟಿನ ಟ್ರಕ್ಕಿಗೆ ಅದು ಇನ್ನಷ್ಟು ಗಟ್ಟಿಯಾಗಿ 47ಆರ್‌ಎಚ್ ಆಯಿತು. 1996ರಲ್ಲಿ ಕೊನೆಯ ಅಕ್ಷರ ಬದಲಾಗಿ 47ಆರ್‌ಇ. ಎಚ್ ಎಂದರೆ ಹೈಡ್ರಾಲಿಕ್, ಇ ಎಂದರೆ ಎಲೆಕ್ಟ್ರಾನಿಕ್. ಈ ಒಂದು ಅಕ್ಷರ ನೋಡಿ ನಾನು ನನ್ನ ಪ್ರಬಂಧದಲ್ಲಿ "ಇಲ್ಲಿಗೆ ಎಣ್ಣೆಯ ಯುಗ ಮುಗಿಯಿತು" ಎಂಬ ಅರ್ಥದ ವಾಕ್ಯವನ್ನೂ ಬರೆದಿದ್ದೆ.

ಮುಗಿದಿರಲಿಲ್ಲ. 47ಆರ್‌ಇಯ ಒಳಗೆ ಹಗ್ಗ ಜಗ್ಗಾಟ ಹಾಗೇ ನಡೆಯುತ್ತಿತ್ತು. ಒಂದು ತುದಿಯಲ್ಲಿ ತಿರುಗುವ ತೂಕಗಳು ಹೋಗಿ, ಅವುಗಳ ಜಾಗದಲ್ಲಿ ಕಂಪ್ಯೂಟರಿನ ಮಾತಿನಂತೆ ಒತ್ತಡ ಏರಿಸಿ ಇಳಿಸುವ ಸೊಲೆನಾಯ್ಡ್ ನಿಂತಿತ್ತು. ಇನ್ನೊಂದು ತುದಿಯಲ್ಲಿ ಡ್ರೈವರಿನ ಕಾಲಿನಿಂದ ಬಂದ ಕೇಬಲ್ಲೇ ಇತ್ತು. ನಡುವಿನ ವಾಲ್ವು, ಸ್ಪ್ರಿಂಗು ಹಳೆಯವೇ. 2003ರಲ್ಲಿ 48ಆರ್‌ಇ ಬಂತು. ಅದರ ಕೊನೆಯ ವರ್ಷಗಳಲ್ಲಿ ಕೇಬಲ್ಲೂ ಹೋಯಿತು. ಎಂಜಿನ್ನಿನ ಪೆಡಲು ಈಗ ಬರೀ ವಿದ್ಯುತ್ತಿನ ಸೂಚನೆ ಕಳಿಸುವುದರಿಂದ ಎಳೆಯುವುದಕ್ಕೆ ಏನೂ ಉಳಿದಿರಲಿಲ್ಲ. ಆಗ ಅವರು ಏನು ಮಾಡಿದರು ಗೊತ್ತೆ? ಗೇರ್‌ಬಾಕ್ಸಿನ ಪಕ್ಕಕ್ಕೆ ಒಂದು ಚಿಕ್ಕ ಮೋಟಾರು ಕಟ್ಟಿದರು. ಡ್ರೈವರಿನ ಕಾಲು ಹಿಂದೆ ಯಾವ ಲಿವರನ್ನು ಎಳೆಯುತ್ತಿತ್ತೋ ಅದೇ ಲಿವರನ್ನು ಕಂಪ್ಯೂಟರಿನ ಅಪ್ಪಣೆಯಂತೆ ಆ ಮೋಟಾರು ತಿರುಗಿಸತೊಡಗಿತು. ಹಗ್ಗದ ಎರಡೂ ತುದಿಯಲ್ಲಿ ಜಗ್ಗುವವರು ಬದಲಾದರು, ಹಗ್ಗ ಮಾತ್ರ ಬದಲಾಗಲಿಲ್ಲ.

ಅಷ್ಟು ಹೊತ್ತಿಗೆ ಎಂಜಿನ್ನು 325 ಅಶ್ವಶಕ್ತಿ, 610 ಪೌಂಡ್-ಅಡಿಗೆ ಬೆಳೆದಿತ್ತು. ಮೊದಲಿನ ಅಶ್ವಶಕ್ತಿಯ ಎರಡರಷ್ಟು, ಬಲದಲ್ಲಿ ಒಂದೂವರೆಯಷ್ಟು. 2007ರಲ್ಲಿ ಕಮಿನ್ಸ್ ಎಂಜಿನ್ನು 6.7 ಲೀಟರಿಗೆ ಏರಿ, ಆರು ಗೇರಿನ ಬೇರೆಯದೇ ಗೇರ್‌ಬಾಕ್ಸು ಬಂದಾಗಲೇ ಈ ಸಂಸಾರ ಮುರಿದದ್ದು. ಹದಿನೆಂಟು ವರ್ಷ ನಡೆದ ಸಂಸಾರವನ್ನು ತಾತ್ಕಾಲಿಕ ಎಂದು ಯಾರೂ ಕರೆಯುವುದಿಲ್ಲ.

ತಂತ್ರಜ್ಞಾನದ ಇತಿಹಾಸ ಓದುವವರಿಗೆ ಬ್ರಿಟಿಷ್ ಇತಿಹಾಸಕಾರ ಡೇವಿಡ್ ಎಡ್ಜರ್ಟನ್ ಅವರ 'ದಿ ಶಾಕ್ ಆಫ್ ದಿ ಓಲ್ಡ್' ಗೊತ್ತಿರುತ್ತದೆ. 2006ರ ಪುಸ್ತಕ. ಯಾವುದು ಯಾವಾಗ ಕಂಡುಹಿಡಿಯಲಾಯಿತು ಎನ್ನುವುದಕ್ಕಿಂತ ಯಾವುದು ಎಷ್ಟು ಕಾಲ ಬಳಕೆಯಲ್ಲಿತ್ತು ಎಂದು ನೋಡಿ ಇತಿಹಾಸ ಬರೆಯಬೇಕು ಎನ್ನುವುದು ಅವರ ವಾದ. ನಾನು ಅದನ್ನು ಎಂ.ಎ.ಯಲ್ಲೇ ಓದಿದ್ದೆ, ಪರೀಕ್ಷೆಯಲ್ಲಿ ಅದರ ಬಗ್ಗೆ ಬರೆದು ಒಳ್ಳೆ ಅಂಕವನ್ನೂ ತೆಗೆದಿದ್ದೆ. ಆದರೂ ನನ್ನದೇ ವಿಷಯಕ್ಕೆ ಬಂದಾಗ ಹೊಸ ಹೆಸರು ಕಂಡಲ್ಲೆಲ್ಲ ಹೊಸ ಯುಗ ಎಂದು ಗೆರೆ ಎಳೆದೆ. ಬಳಕೆಯ ಕಡೆಯಿಂದ ನೋಡುವುದು ಎಂದರೆ ಹಳೆಯದು ಉಳಿದಿತ್ತು ಎಂದು ದಾಖಲಿಸಿದರೆ ಸಾಲದು ಎಂದು ಈಗ ಅನಿಸುತ್ತದೆ. ಹಳೆಯದು ತಾನಾಗಿ ಉಳಿಯುವುದಿಲ್ಲ. ಪ್ರತಿ ಸಲ ಹೊಸದೊಂದು ಬಂದಾಗ ಯಾರಾದರೂ ಕೂತು ಅದಕ್ಕೆ ಹಳೆಯದನ್ನು ಹೊಂದಿಸಿಕೊಡಬೇಕು.

"ಇದನ್ನ ಹೊಂದ್ಸಿದೋನ ಹೆಸ್ರೇನು?" ಎಂದು ಅಪ್ಪ ಕೇಳಿದರು. ಸಿಂಪ್ಸನ್ ಹೆಸರು ಹೇಳಿದೆ. "ಅವ್ರು ಗೇರು ಮಾಡ್ದೋರು. ಡೀಸಲ್ಲಿಗೆ ಕೂರಿಸ್ದೋರು?" ಎಂದರು. ಗೇರುಗಳ ಜೋಡಣೆಗೆ ಪೇಟೆಂಟು ಇರುತ್ತದೆ, ಹೊಸ ಎಂಜಿನ್ನಿಗೆ ಜಾಹೀರಾತು ಇರುತ್ತದೆ. ಗವರ್ನರಿನ ತೂಕವನ್ನು ಸರಿಯಾಗಿ ಇಷ್ಟೇ ಕೊರೆಯಬೇಕು ಎಂದು ತಿಳಿದವರ ಹೆಸರು ನನ್ನ ಕೈಗೆ ಬಂದ ಯಾವ ಮ್ಯಾನುಯಲ್ಲಿನಲ್ಲೂ ಇಲ್ಲ. ಭಾಗದ ನಂಬರು ಮಾತ್ರ ಇದೆ. ಇಲ್ಲ ಎಂದೆ. ಅಪ್ಪನಿಗೆ ಆಶ್ಚರ್ಯವೇನೂ ಆಗಲಿಲ್ಲ.

2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂದ ಮೇಲೆ ನಮ್ಮ ಗ್ಯಾರೇಜಿಗೆ ಬರುವ ಹೊಸ ಲಾರಿಗಳು ಕಡಿಮೆಯಾಗಿವೆ. ಬಂದವುಗಳಲ್ಲೂ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿದರೆ, ಅದು ಏನು ಹೇಳುತ್ತಿದೆ ಎಂದು ಓದುವ ಸ್ಕ್ಯಾನರು ಅಪ್ಪನ ಹತ್ತಿರ ಇಲ್ಲ. ಹೋದ ತಿಂಗಳು ಹಾಗೆ ಒಂದು ಗಾಡಿಯನ್ನು ಮುಟ್ಟದೆ ವಾಪಸು ಕಳಿಸಿದರು. ಎಣ್ಣೆಯ ನಕ್ಷೆಯನ್ನು ಹತ್ತು ನಿಮಿಷದಲ್ಲಿ ಓದಿದ ಮನುಷ್ಯ ಒಂದು ದೀಪವನ್ನು ಓದಲಾಗದೆ ಕೈ ಒರೆಸಿಕೊಂಡು ನಿಂತದ್ದನ್ನು ನೋಡಿದೆ. ಅವರಿಗೆ ಬುದ್ಧಿ ಸಾಲದೆ ಹಾಗಾಗಲಿಲ್ಲ. ಎಣ್ಣೆಯ ದಾರಿಯನ್ನು ಬಿಚ್ಚಿದವರೆಲ್ಲ ನೋಡಬಹುದಿತ್ತು, ಈ ದಾರಿಗೆ ಬೀಗ ಇದೆ.

ಪ್ರಬಂಧದ ಆ ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದೇನೆ. 'ತಾತ್ಕಾಲಿಕ' ಹೋಗಿದೆ, 'ಯುಗ ಮುಗಿಯಿತು' ಹೋಗಿದೆ. ಜೊತೆಗೆ ಅಪ್ಪನ ಆ ಹಳೇ ಕೆಲಸವನ್ನೂ ಬರೆದಿಡೋಣ ಎಂದು ಮೊನ್ನೆ ನೋಟ್‌ಬುಕ್ ಹಿಡಿದು ಕೂತೆ. ಬಳೆಯ ದಪ್ಪ ಎಷ್ಟಿತ್ತು, ಯಾವ ಲೇತಿನಲ್ಲಿ ತಿರುವಿಸಿದ್ದು, ಮೊದಲೆರಡು ಸಲ ನಡುಕ ಯಾಕೆ ಬಂತು ಎಂದೆಲ್ಲ ಕೇಳಿದೆ. "ಅದನ್ನೆಲ್ಲ ಯಾರು ಬರ್ದಿಡ್ತಾರವ್ವಾ" ಎಂದು ನಕ್ಕರು. ಸ್ವಲ್ಪ ಹೊತ್ತಾದ ಮೇಲೆ ಪಾನಾ ಕೆಳಗಿಟ್ಟು, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒಂದಿಷ್ಟು ಜಾಗ ಬಿಟ್ಟು ನನ್ನ ಮುಂದೆ ಹಿಡಿದರು. ಬಳೆ ಇಷ್ಟು ದಪ್ಪ ಇತ್ತಂತೆ. ನಾನು ಸ್ಕೇಲು ತರಲು ಒಳಗೆ ಹೋದೆ. ಬರುವವರೆಗೂ ಅವರು ಬೆರಳು ಅಲ್ಲಾಡಿಸದೆ ಹಾಗೇ ಹಿಡಿದು ನಿಂತಿದ್ದರು.